ಲಾರಿಯ ತೇಪೆಯೂ ಭೌತವಿಜ್ಞಾನವೂ

“ಎಂ.ಎಸ್‌ಸಿ. ಓದಿದವನಿಗೆ ಈ ಕಮ್ಮಾರಿಕೆ ಏಕಯ್ಯ?” ಕಳೆದ ಒಂದು ವರ್ಷದಿಂದ ಈ ಪ್ರಶ್ನೆಯನ್ನು ನಾನು ಮನೆಯಲ್ಲಿಯೂ, ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿಯೂ, ನೆಂಟರ ಮದುವೆಮನೆಗಳಲ್ಲಿಯೂ ಕೇಳುತ್ತ ಬಂದಿದ್ದೇನೆ. ಕೇಳಿದವರೆಲ್ಲರೂ ನನ್ನ ಹಿತೈಷಿಗಳೇ. ಹುಡುಗರಿಗೆ ಉಷ್ಣಶಾಸ್ತ್ರದ ಪಾಠ ಹೇಳುವ ಮೇಷ್ಟ್ರು ಭಾನುವಾರ ಬಂತೆಂದರೆ ಗ್ಯಾರೇಜಿನಲ್ಲಿ ಕುಳಿತು, ಕೈ ಸುಟ್ಟುಕೊಳ್ಳುತ್ತ, ತಗಡಿಗೆ ತಗಡನ್ನು ಬೆಸೆಯುವುದು ಅವರಿಗೆ ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆ ಪ್ರಶ್ನೆಗೆ ನನ್ನ ಉತ್ತರವನ್ನು, ಅವರಿಗಿಂತಲೂ ಮುಖ್ಯವಾಗಿ ವಿದ್ಯಾರ್ಥಿ ಮಿತ್ರರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ಲಾರಿಯ ವಿಷಯ. ರಾಮನಗರದ ಹೊರಗೆ ನಮ್ಮದೊಂದು ಸಣ್ಣ ಮಾವಿನ ತೋಟವುಂಟು. ಅಲ್ಲಿ ಹುಣಿಸೆಮರದ ಕೆಳಗೆ ತಾತನವರ ಕಾಲದ ಲಾರಿಯೊಂದು ಬಹುಕಾಲದಿಂದ ನಿಂತಿತ್ತು. ಟಾಟಾ ಕಂಪೆನಿಯವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪೆನಿಯೊಡನೆ ೧೯೫೪ರಲ್ಲಿ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿದರು. ಆ ಒಪ್ಪಂದವು ೧೯೬೯ರಲ್ಲಿ ಮುಗಿಯಿತು. ನಮ್ಮ ಲಾರಿ ಆ ನಡುವಿನ ವರ್ಷಗಳದು. ಅದರ ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರವಿದೆ. ಆ ಕಾಲದಲ್ಲಿ ಕಾರ್ಖಾನೆಯಿಂದ ಸಾಮಾನ್ಯವಾಗಿ ಬರುತ್ತಿದ್ದುದು ಚಾಸಿ, ಎಂಜಿನ್, ಬಾನೆಟ್ಟು, ಮಡ್‌ಗಾರ್ಡು ಇಷ್ಟೆ. ಚಾಲಕನ ಕೋಣೆಯನ್ನೂ ಸರಕಿನ ತೊಟ್ಟಿಯನ್ನೂ ಊರಿನ ಬಡಗಿಗಳೇ ಮರದಿಂದ ಕಟ್ಟುತ್ತಿದ್ದರು. ಮಾವು, ತೆಂಗಿನಕಾಯಿ, ಕಲ್ಲುಚಪ್ಪಡಿಗಳನ್ನು ಹೊತ್ತು ನಮ್ಮ ಮನೆತನವನ್ನು ಸಾಕಿದ ಗಾಡಿಯದು. ಅದನ್ನು ಮತ್ತೆ ಹೆದ್ದಾರಿಯಲ್ಲಿ ಓಡಿಸಬೇಕೆಂಬ ಹಂಬಲ ನನಗಿಲ್ಲ. ತೋಟದಿಂದ ಮನೆಯ ಅಂಗಳದವರೆಗೆ ಒಮ್ಮೆ ತಾನೇ ನಡೆದು ಬಂದರೆ ಸಾಕು, ತಂದೆಯವರು ಕಣ್ತುಂಬ ನೋಡಲಿ ಎಂಬುದಷ್ಟೇ ಆಸೆ.

ಎಂಜಿನ್ನನ್ನು ಬಲ್ಲವರು ಸರಿಪಡಿಸಿಕೊಟ್ಟರು. ಆದರೆ ಮಡ್‌ಗಾರ್ಡಿನ ಮೇಲೆ ತಿರುಪುಳಿಯ ಮೊನೆಯನ್ನು ಒತ್ತಿದರೆ ಅದು ಹಪ್ಪಳದಂತೆ ಮುರಿದು ಒಳಗೆ ಹೋಯಿತು. ಮೇಲೆ ಬಣ್ಣವಿತ್ತು, ಕೆಳಗೆ ಕಬ್ಬಿಣವಿರಲಿಲ್ಲ. ತಗಡು ಎಲ್ಲಿ ತಿನ್ನಲ್ಪಟ್ಟಿತ್ತು ಎಂಬುದನ್ನು ಗಮನಿಸಿದಾಗ ನನಗೆ ಮೊದಲ ಪಾಠವಾಯಿತು. ಗಾಳಿಗೆ ತೆರೆದ ಭಾಗಕ್ಕಿಂತ, ಕೆಸರು ಮೆತ್ತಿ ಒದ್ದೆಯಾಗಿಯೇ ಉಳಿದಿದ್ದ ಮಡಿಕೆಗಳಲ್ಲಿ ಹಾನಿ ಹೆಚ್ಚು. ತುಕ್ಕಿಗೆ ನೀರೂ ಆಮ್ಲಜನಕವೂ ಬೇಕೆಂದು ನಾವು ಓದಿದ್ದೇವೆ. ಆದರೆ ಒಂದೇ ಒದ್ದೆ ತಗಡಿನಲ್ಲಿ ಒಂದೆಡೆ ಆಮ್ಲಜನಕ ಹೆಚ್ಚಾಗಿಯೂ ಇನ್ನೊಂದೆಡೆ ಕಡಿಮೆಯಾಗಿಯೂ ದೊರೆತರೆ, ಆ ಎರಡು ಎಡೆಗಳ ನಡುವೆ ಒಂದು ಪುಟ್ಟ ವಿದ್ಯುತ್ಕೋಶವೇ ಏರ್ಪಡುತ್ತದೆ. ಕರಗಿ ಹೋಗುವುದು ಆಮ್ಲಜನಕ ಕಡಿಮೆ ಇರುವ ಎಡೆಯ ಕಬ್ಬಿಣ. ಹುಟ್ಟಿದ ತುಕ್ಕಾದರೋ ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಬೇಡುತ್ತದೆ. ಆದುದರಿಂದಲೇ ಅದು ಎರಡು ತಗಡುಗಳ ಸಂದಿಯನ್ನು ಉಬ್ಬಿಸಿ ಒಡೆದುಬಿಡುತ್ತದೆ. ಇಂತಹ ಕಡೆ ಬಣ್ಣ ಬಳಿದು ಪ್ರಯೋಜನವಿಲ್ಲ. ಗಟ್ಟಿ ಲೋಹ ಸಿಕ್ಕುವವರೆಗೆ ಕತ್ತರಿಸಿ ತೆಗೆದು, ಅದೇ ಆಕಾರದ ಹೊಸ ತಗಡನ್ನು ತೇಪೆಯಾಗಿ ಬೆಸೆಯಬೇಕು.

ಬೆಸುಗೆಯನ್ನು ಕಲಿಯಲು ನಾನು ಹೋದದ್ದು ಹಳೆಯ ಬೆಂಗಳೂರು–ಮೈಸೂರು ರಸ್ತೆಯ ಪಕ್ಕದ ಒಬ್ಬ ಟಿಂಕರಿಂಗ್ ಮೇಸ್ತ್ರಿಯವರಲ್ಲಿಗೆ. ಅವರು ಏಳನೆಯ ತರಗತಿಯ ಆಚೆಗೆ ಓದಿದವರಲ್ಲ. ನನಗಾದರೋ ಲೋಹಗಳ ಉಷ್ಣವಹನದ ವಿಷಯವಾಗಿ ಒಂದು ಗಂಟೆ ನಿರರ್ಗಳವಾಗಿ ಮಾತನಾಡಬಲ್ಲೆನೆಂಬ ಧೈರ್ಯವಿತ್ತು. ೧೮ ಗೇಜಿನ ತಗಡು, ಎಂದರೆ ಸುಮಾರು ೧.೨ ಮಿಲಿಮೀಟರ್ ದಪ್ಪ. ಕೈಯಲ್ಲಿ ಹಿಡಿದು ಕಿಡಿ ಹೊತ್ತಿಸಿದೆ. ಎರಡು ಕ್ಷಣದಲ್ಲಿ ಬೆರಳು ತೂರುವಷ್ಟು ತೂತು ಬಿತ್ತು. ಆ ತೂತನ್ನು ಮುಚ್ಚಲು ಹೋದರೆ ಅದು ಇನ್ನೂ ದೊಡ್ಡದಾಯಿತು. ವಿದ್ಯುತ್ ಚಾಪದ ಉಷ್ಣತೆ ಸುಮಾರು ೬,೦೦೦ ಡಿಗ್ರಿ ಸೆಲ್ಸಿಯಸ್. ಉಕ್ಕು ಕರಗುವುದು ಸುಮಾರು ೧,೫೦೦ ಡಿಗ್ರಿಯಲ್ಲಿ. ದಪ್ಪ ಉಕ್ಕಿನಲ್ಲಿ ಶಾಖವು ಅಗಲಕ್ಕೂ ಆಳಕ್ಕೂ ಹರಿದುಹೋಗಬಹುದು. ತೆಳು ತಗಡಿಗೆ ಆಳವೇ ಇಲ್ಲವಲ್ಲ! ಇದು ನನಗೆ ಗೊತ್ತಿತ್ತು, ಆದರೆ ನನ್ನ ಕೈಗೆ ಗೊತ್ತಿರಲಿಲ್ಲ.

ಮೇಸ್ತ್ರಿ ನಗಲಿಲ್ಲ. ಮೂಲೆಯಲ್ಲಿದ್ದ ಒಂದು ತಾಮ್ರದ ಪಟ್ಟಿಯನ್ನು ತಂದು ಸಂದಿಯ ಹಿಂದೆ ಒತ್ತಿ ಹಿಡಿದು, “ಈಗ ಹಾಕಿ ಸಾರ್” ಎಂದರು. ತೂತು ಬೀಳಲಿಲ್ಲ. ತಾಮ್ರ ಕರಗುವುದು ೧,೦೮೫ ಡಿಗ್ರಿಯಲ್ಲಿ, ಉಕ್ಕಿಗಿಂತ ಮೊದಲೇ. ಹಾಗಿದ್ದೂ ಕರಗಿದ ಉಕ್ಕಿಗೆ ಒತ್ತಾಗಿ ನಿಂತ ತಾಮ್ರ ಕರಗದು. ಉಕ್ಕಿಗೆ ಅಂಟಿಕೊಳ್ಳುವುದೂ ಇಲ್ಲ. ಏಕೆಂದರೆ ಅದು ಉಕ್ಕಿನ ಏಳೆಂಟು ಪಟ್ಟು ವೇಗದಲ್ಲಿ ಶಾಖವನ್ನು ಸಾಗಿಸಿಬಿಡುತ್ತದೆ. ಉಷ್ಣವಾಹಕತೆಯ ಪಟ್ಟಿಯನ್ನು ನಾನು ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಆ ಪಟ್ಟಿಯ ಎರಡು ಸಂಖ್ಯೆಗಳು ಹೀಗೆ ಒಂದು ತೂತನ್ನು ತಡೆಯಬಲ್ಲವೆಂದು ನನಗೆ ಒಮ್ಮೆಯೂ ತೋಚಿರಲಿಲ್ಲ.

ಎರಡನೆಯ ಸೋಲು ಇನ್ನೂ ದೊಡ್ಡದು. ತೂತು ಬೀಳದಂತೆ ಬೆಸೆಯುವುದನ್ನು ಕಲಿತ ಮೇಲೆ, ೩೦ ಸೆಂಟಿಮೀಟರ್ ಉದ್ದದ ಒಂದು ಸಂದಿಯನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ಉಸಿರಿಗೆ ಎಳೆದೆ. ನೋಡಲು ಅಚ್ಚುಕಟ್ಟಾಗಿತ್ತು. ಆರಿದ ಮೇಲೆ ಮಡ್‌ಗಾರ್ಡು ಮಳೆಗೆ ನೆನೆದ ರಟ್ಟಿನಂತೆ ಸೊಟ್ಟಗಾಯಿತು. “ಒಂದೇ ಸಮ ಎಳೀಬಾರದು ಸಾರ್, ತಗಡು ಮುನಿಸ್ಕೊಳ್ತದೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ. ಕೈಯಿಟ್ಟು ನೋಡಿ, ಆರಿದ ಮೇಲೆ ಇನ್ನೊಂದು” ಎಂದರು ಮೇಸ್ತ್ರಿ.

ಏಕೆ ಹೀಗಾಯಿತು? ಉಕ್ಕಿನ ರೇಖೀಯ ವ್ಯಾಕೋಚನ ಗುಣಾಂಕ ಒಂದು ಡಿಗ್ರಿಗೆ ೦.೦೦೦೦೧೨. ೩೦೦ ಮಿಲಿಮೀಟರ್ ಉದ್ದದ ಪಟ್ಟಿ ೫೦೦ ಡಿಗ್ರಿ ಕಾದರೆ ೧.೮ ಮಿಲಿಮೀಟರ್ ಬೆಳೆಯಬೇಕು. ಆರಿದರೆ ಮತ್ತೆ ಅಷ್ಟೇ ಕುಗ್ಗಬೇಕು. ಲೆಕ್ಕ ಸರಿಹೋಯಿತು, ಸೊಟ್ಟಗಾಗಲು ಕಾರಣವೇ ಇಲ್ಲ! ಹಾಗೆಂದು ಹೇಳುವುದು ಪುಸ್ತಕದ ಸರಳು. ಪುಸ್ತಕದ ಸರಳಿಗೆ ಎರಡು ತುದಿಯಲ್ಲಿಯೂ ಸ್ವಾತಂತ್ರ್ಯವುಂಟು. ನನ್ನ ಸಂದಿಯ ಲೋಹವಾದರೋ ಸುತ್ತಲಿನ ತಣ್ಣನೆಯ ತಗಡಿನ ಸೆರೆಯಲ್ಲಿತ್ತು. ಅದು ಬೆಳೆಯಲು ಹೊರಟಾಗ ಸುತ್ತಲಿನ ತಗಡು ಬಿಡಲಿಲ್ಲ. ಕೆಂಪಗೆ ಕಾದ ಲೋಹ ಮೆತ್ತಗಿರುವುದರಿಂದ ಉದ್ದಕ್ಕೆ ಬೆಳೆಯಲಾರದೆ ದಪ್ಪಕ್ಕೆ ಉಬ್ಬಿತು. ಆರುವಾಗ ಕುಗ್ಗುವುದನ್ನು ಮಾತ್ರ ಬಿಡಲಿಲ್ಲ. ಹೀಗಾಗಿ ಕೊನೆಗೆ ಅದು ಮೊದಲಿಗಿಂತ ಗಿಡ್ಡವಾಗಿ, ಸುತ್ತಲಿನ ತಗಡನ್ನೆಲ್ಲ ತನ್ನತ್ತ ಸೆಳೆದುಕೊಂಡಿತು. ಹೊಲಿಗೆಯ ದಾರವನ್ನು ಬಿಗಿಯಾಗಿ ಎಳೆದರೆ ಬಟ್ಟೆ ಸುಕ್ಕುಗಟ್ಟುವಂತೆ.

ಮೇಸ್ತ್ರಿ ಬಳಿಕ ಮಾಡಿದ ಕೆಲಸ ನೋಡಿ. ಸಂದಿಯ ಹಿಂದೆ ಗಟ್ಟಿ ಕಬ್ಬಿಣವೊಂದನ್ನು ಒತ್ತಾಗಿ ಹಿಡಿದು, ಬೆಸುಗೆಯ ಗೆರೆಯ ಮೇಲೆಯೇ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದರು. ಹೊಡೆದರೆ ಇನ್ನೂ ಕೆಡುವುದಿಲ್ಲವೇ ಎಂದು ನಾನು ಹೆದರಿದೆ. ಆದರೆ ತಟ್ಟಿದಂತೆಲ್ಲ ಗಿಡ್ಡವಾಗಿದ್ದ ಲೋಹ ತೆಳುವಾಗಿ ಉದ್ದಕ್ಕೆ ಹಿಗ್ಗಿತು. ಮಡ್‌ಗಾರ್ಡು ತನ್ನ ಮೊದಲಿನ ಬಾಗನ್ನು ಬಹುಮಟ್ಟಿಗೆ ಮರಳಿ ಪಡೆಯಿತು. ವ್ಯಾಕೋಚನ ಗುಣಾಂಕದ ಹೆಸರನ್ನು ಎಂದೂ ಕೇಳದ ಆ ಮನುಷ್ಯ, ಸೆರೆಸಿಕ್ಕ ಲೋಹದ ಬಿಗಿತವನ್ನು ನನಗಿಂತ ಚೆನ್ನಾಗಿ ಬಲ್ಲವರಾಗಿದ್ದರು.

ಹಾಗಾದರೆ ಪುಸ್ತಕ ವ್ಯರ್ಥವೋ? ಖಂಡಿತ ಅಲ್ಲ. ಕೈಯ ಅನುಭವ ಒಂದು ಎಲ್ಲೆಯವರೆಗೆ ಮಾತ್ರ ಕಾಯುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಹಡಗುಗಳನ್ನು ಮೊಳೆ ಬಡಿದು ಜೋಡಿಸುವ ಬದಲು ಬೆಸೆದು ಕಟ್ಟತೊಡಗಿದರು. ೧೯೪೩ರ ಜನವರಿಯಲ್ಲಿ ‘ಸ್ಕೆನೆಕ್ಟಡಿ’ ಎಂಬ ಹೊಸ ತೈಲದ ಹಡಗು, ಒರೆಗಾನ್ ಪ್ರಾಂತದ ಪೋರ್ಟ್‌ಲೆಂಡಿನಲ್ಲಿ ನಿಶ್ಚಲವಾದ ನೀರಿನಲ್ಲಿ ನಿಂತಿದ್ದಂತೆಯೇ ನಡುವೆ ಸೀಳಿಹೋಯಿತು. ಮೊದಲಿಗೆ ಅನುಮಾನ ಬಿದ್ದದ್ದು ಬೆಸುಗೆಯ ಮೇಲೆ. ಇಂತಹ ಸೀಳುಗಳನ್ನು ಅಭ್ಯಸಿಸಿದ ಕೇಂಬ್ರಿಜ್‌ನ ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ಮಹಿಳಾ ವಿಜ್ಞಾನಿ, ಆ ಬಗೆಯ ಉಕ್ಕು ಚಳಿಯಲ್ಲಿ ಗಾಜಿನಂತೆ ಪೆಡಸಾಗುತ್ತದೆಂಬುದನ್ನು ತೋರಿಸಿದರು. ಎಷ್ಟೇ ನುರಿತ ಕೈಯಾದರೂ ತಾನಾಗಿ ಇದನ್ನು ಕಾಣಲಾರದು. ಅದಕ್ಕೆ ಪ್ರಯೋಗಶಾಲೆಯೇ ಬೇಕು. ಪುಸ್ತಕ ಕೈಯನ್ನು ಕಾಯಬೇಕು, ಕೈ ಪುಸ್ತಕವನ್ನು ತಿದ್ದಬೇಕು. ನಮ್ಮಲ್ಲಿ ಇವೆರಡೂ ಒಂದರ ಮುಖವನ್ನು ಇನ್ನೊಂದು ನೋಡದಂತೆ ಬೇರೆಯಾಗಿ ಕುಳಿತಿವೆ ಎಂಬುದೇ ನನ್ನ ದೂರು.

ಆ ಅಗಲಿಕೆಯ ಬೆಲೆ ಏನೆಂಬುದನ್ನು ಗ್ಯಾರೇಜಿನಲ್ಲಿ ಕಣ್ಣಾರೆ ಕಂಡೆ. ಮೇಸ್ತ್ರಿಯ ಬಳಿ ಇಪ್ಪತ್ತೆರಡರ ವಯಸ್ಸಿನ ಒಬ್ಬ ಸಹಾಯಕನಿದ್ದಾನೆ. ಚುಕ್ಕೆ ಹಾಕುವಾಗ ಅವನು ಮುಖಕ್ಕೆ ಏನನ್ನೂ ಹಿಡಿಯುತ್ತಿರಲಿಲ್ಲ. ಕಣ್ಣುಮುಚ್ಚಿ, ಮುಖ ತಿರುಗಿಸಿ ಬೆಸೆಯುತ್ತಿದ್ದ. ಒಂದು ಬೆಳಿಗ್ಗೆ ಕಣ್ಣು ಕೆಂಡದಂತಾಗಿತ್ತು. ರಾತ್ರಿಯೆಲ್ಲ ಕಣ್ಣಿಗೆ ಮರಳು ಹೊಯ್ದಂತಾಗಿ ನಿದ್ದೆಯಿರಲಿಲ್ಲವೆಂದೂ, ಆಲೂಗಡ್ಡೆಯ ಹೋಳುಗಳನ್ನು ಇಟ್ಟುಕೊಂಡು ಮಲಗಿದ್ದೆನೆಂದೂ ಹೇಳಿದ. ಚಾಪದಿಂದ ಹೊರಡುವ ನೇರಳಾತೀತ ಕಿರಣ ಕಣ್ಣಿನ ಹೊರಪದರವನ್ನು ಸುಡುತ್ತದೆ. ನೋವು ಕಾಣಿಸಿಕೊಳ್ಳುವುದು ಕೆಲವು ಗಂಟೆಗಳ ಅನಂತರ. ಒಮ್ಮೆ ಆದರೆ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ವಾಸಿಯಾದೀತು, ಮೇಲಿಂದ ಮೇಲೆ ಆದರೆ ದೃಷ್ಟಿಗೇ ಕುಂದು ಬರಬಹುದು. ಪಕ್ಕದಲ್ಲಿ ನಿಂತು ನೋಡುವವನಿಗೂ ಅಪಾಯ ತಪ್ಪಿದ್ದಲ್ಲ. ದೂರ ಎರಡರಷ್ಟಾದರೆ ಕಿರಣದ ತೀವ್ರತೆ ನಾಲ್ಕನೆಯ ಒಂದು ಪಾಲಾಗುತ್ತದೆ ಎಂಬ ವಿಲೋಮ ವರ್ಗ ನಿಯಮವನ್ನು ಪ್ರತಿವರ್ಷವೂ ಪಾಠ ಹೇಳಿದ್ದೇನೆ. ಪಾಠ ಹೇಳುವ ಕೋಣೆಗೂ ಆ ಹುಡುಗನ ಕಣ್ಣಿಗೂ ನಡುವೆ ಇದ್ದುದು ಒಂದೇ ಒಂದು ರಸ್ತೆ. ಅದನ್ನು ದಾಟಿ ಹೋಗಿ ಒಂದು ಮಾತು ಹೇಳಲು, ನನ್ನದೇ ಲಾರಿ ತುಕ್ಕು ಹಿಡಿಯುವವರೆಗೆ ನಾನು ಕಾದೆ! ಹತ್ತನೆಯ ಸಂಖ್ಯೆಯ ಕಪ್ಪುಗಾಜು ಇರುವ ಮುಖವಾಡವನ್ನು ಈಗ ಅವನು ತೊಡುತ್ತಾನೆ. ಸತು ಲೇಪಿಸಿದ ತಗಡನ್ನು ಬೆಸೆದರೆ ಏಳುವ ಬಿಳಿಯ ಹೊಗೆಯಿಂದ ಜ್ವರ ಬರುತ್ತದೆಂಬುದನ್ನೂ ಬಲ್ಲ. ಕಾರಣ ತಿಳಿದ ಮೇಲೆ ಅವನು ಒಂದು ದಿನವೂ ಮರೆತದ್ದಿಲ್ಲ.

ಕೈಕೆಲಸ ಓದಿದವರಿಗೆ ತಕ್ಕದ್ದಲ್ಲವೆಂಬ ಭಾವನೆ ಈ ನೆಲಕ್ಕಂತೂ ಒಪ್ಪುವುದಿಲ್ಲ. ೧೮೦೦ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಾಗಡಿಯ ಸುತ್ತ ಕಬ್ಬಿಣವನ್ನೂ ಉಕ್ಕನ್ನೂ ತೆಗೆಯುತ್ತಿದ್ದ ಬಗೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಇಂದು ಬೊಂಬೆಗಳಿಗೆ ಹೆಸರಾದ ಚನ್ನಪಟ್ಟಣ, ಆಗ ವೀಣೆಯಂತಹ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಗೂ ಹೆಸರಾಗಿತ್ತು. ಬೆಂಕಿಯ ಬಣ್ಣ ನೋಡಿ ಉಕ್ಕಿನ ಹದವನ್ನು ಅರಿಯುತ್ತಿದ್ದ ಆ ಕೈಗಳ ವಿದ್ಯೆಯನ್ನು ಅವರ ಕಾಲದಲ್ಲಿ ಯಾರೂ ನಮ್ಮ ಭಾಷೆಯಲ್ಲಿ ಪುಸ್ತಕವಾಗಿಸಲಿಲ್ಲ. ಕುಲುಮೆಗಳು ಆರಿದಾಗ ವಿದ್ಯೆಯೂ ಅವುಗಳೊಡನೆ ಆರಿತು. ೨೦೨೩ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಊರ ಹೊರಗೇ ಹಾದುಹೋದ ಮೇಲೆ ತಮ್ಮಲ್ಲಿಗೆ ಬರುವ ಲಾರಿಗಳು ಕಡಿಮೆಯಾಗಿವೆಯೆಂದು ನಮ್ಮ ಮೇಸ್ತ್ರಿಯೂ ಹೇಳುತ್ತಾರೆ. ಅವರ ಸುತ್ತಿಗೆಯ ವಿದ್ಯೆಗೂ ಅದೇ ಗತಿಯಾಗಬೇಕೇ?

“ಪರೀಕ್ಷೆಗೆ ಓದುವುದಕ್ಕೇ ವೇಳೆ ಸಾಲದು, ಇನ್ನು ಬೆಸುಗೆಗೆಲ್ಲಿ?” ಎಂದು ಕೆಲವರು ಕೇಳಬಹುದು. ಎಲ್ಲರೂ ಬೆಸುಗೆಗಾರರಾಗಬೇಕೆಂದು ನಾನು ಹೇಳುತ್ತಿಲ್ಲ. ವರ್ಷಕ್ಕೆ ನಾಲ್ಕು ಮಧ್ಯಾಹ್ನಗಳು ಸಾಕು. ಭೌತವಿಜ್ಞಾನದ ಪ್ರಯೋಗ ತರಗತಿಯಲ್ಲಿ ಒಂದು ತಗಡಿನ ಮೇಲೆ ಬೆಸುಗೆಯ ಗೆರೆ ಎಳೆಸಿ, ಅದು ಎಷ್ಟು ಕುಗ್ಗಿತು, ಎಷ್ಟು ಬಾಗಿತು ಎಂಬುದನ್ನು ವಿದ್ಯಾರ್ಥಿಗಳೇ ಅಳೆಯಲಿ. ಒಂದೇ ಸಮ ಎಳೆದದ್ದಕ್ಕೂ ಬಿಟ್ಟುಬಿಟ್ಟು ಹಾಕಿದ್ದಕ್ಕೂ ಇರುವ ವ್ಯತ್ಯಾಸವನ್ನು ಬರೆಯಲಿ. ಪಾಠ ಹೇಳಲು ಮೇಸ್ತ್ರಿಯವರನ್ನೇ ಗೌರವಧನ ಕೊಟ್ಟು ಕರೆಯೋಣ. ಅದಕ್ಕೆ ಪ್ರತಿಯಾಗಿ, ಬೆಳಕು, ವಿದ್ಯುತ್ತು, ಹೊಗೆ ಇವುಗಳ ಅಪಾಯವನ್ನು ತಿಳಿಸಲು ನಾವು ಅವರ ಗ್ಯಾರೇಜುಗಳಿಗೆ ಹೋಗೋಣ. ಆದರೆ ವಿದ್ಯಾರ್ಥಿಗಳೇ, ಮುಖವಾಡವಿಲ್ಲದೆ, ಬಲ್ಲವರ ಜೊತೆಯಿಲ್ಲದೆ ಯಾರೂ ಈ ಕೆಲಸಕ್ಕೆ ಕೈಹಾಕಬೇಡಿ. ಡೀಸೆಲ್ ಅಥವಾ ಪೆಟ್ರೋಲ್ ಟ್ಯಾಂಕಿನ ಹತ್ತಿರವಂತೂ ಕಿಡಿ ಸುಳಿಯಕೂಡದು.

ನಮ್ಮ ಲಾರಿಯ ಎಡ ಮಡ್‌ಗಾರ್ಡು ಮುಗಿದಿದೆ. ಬಲದ್ದು ಇನ್ನೂ ಬಾಕಿಯಿದೆ. ಎಡದ್ದರಲ್ಲಿ ನಾನು ಹಾಕಿದ ಮೊದಲ ತೇಪೆಯ ಗೆರೆ ಬಣ್ಣದ ಕೆಳಗೂ ಸ್ವಲ್ಪ ಕಾಣುತ್ತದೆ. ಅದನ್ನು ಉಜ್ಜಿ ತೆಗೆಯಲೇ ಎಂದು ಮೇಸ್ತ್ರಿ ಕೇಳಿದರು. ಬೇಡವೆಂದೆ. ಮುಂದಿನ ವರ್ಷ ವ್ಯಾಕೋಚನದ ಪಾಠ ಬಂದಾಗ, ತರಗತಿಯನ್ನೆಲ್ಲ ತೋಟಕ್ಕೆ ಕರೆದುಕೊಂಡು ಹೋಗಿ ಆ ಗೆರೆಯನ್ನು ತೋರಿಸಬೇಕೆಂದಿದ್ದೇನೆ.