ಕಮಾನಿಗಿಂತ ಮೊದಲು ಅಂಗಳವನ್ನು ಅಳೆಯಿರಿ

ಸ್ನೇಹಸಮ್ಮೇಳನದ ದಿನಗಳು ಸಮೀಪಿಸಿದೊಡನೆ ಶಾಲೆಯ ಬಾಗಿಲಿಗೆ ಸ್ವಾಗತ ಕಮಾನು ಬೇಕೆಂಬ ಮಾತು ಏಳುತ್ತದೆ. ಹಿಂದೆ ಬಾಳೆಯ ಕಂಬ, ಮಾವಿನ ತೋರಣಗಳಿಂದ ತೀರುತ್ತಿದ್ದ ಈ ಅಗತ್ಯಕ್ಕೆ ಇಂದು ಗಾಳಿ ತುಂಬಿ ನಿಲ್ಲಿಸುವ ಬಟ್ಟೆಯ ಕಮಾನು ಬಂದಿದೆ. ಮುರುಮ, ಉಮರ್ಗಾ, ನಿಲಂಗಾ, ಉದಗೀರ ಭಾಗದ ಪಾಲಕರು ವರ್ಗಣಿ ಕೂಡಿಸಿ ಅಂಥದೊಂದನ್ನು ಹೊಲಿಸಲು ಹೊರಟರೆ ಮೊದಲು ಕೇಳಬೇಕಾದ ಪ್ರಶ್ನೆ ಬೆಲೆಯದಲ್ಲ, ಅಳತೆಯದು.

ವ್ಯಾಪಾರಿ ಹೇಳುವ ಅಳತೆ ಸಾಮಾನ್ಯವಾಗಿ ಹೊರಮೈಯದು. ಮಕ್ಕಳು ನಡೆಯುವುದು ಒಳಗಡೆ. 20 ಅಡಿ ಅಗಲ, 12 ಅಡಿ ಎತ್ತರ ಎಂದು ಬರೆದ ಕಮಾನಿನ ಕೊಳವೆಯ ದಪ್ಪ 3 ಅಡಿಯಾಗಿದ್ದರೆ ಎರಡು ಕಾಲುಗಳು 6 ಅಡಿಯನ್ನು ನುಂಗುತ್ತವೆ. ಉಳಿಯುವ ದಾರಿ 14 ಅಡಿ ಅಗಲ, 9 ಅಡಿ ಎತ್ತರ. ಪ್ರಭಾತಫೇರಿಯಲ್ಲಿ ಮೂರು ಸಾಲಾಗಿ ಬರುವ ಮಕ್ಕಳಿಗೆ, ಸಾಲಿಗೆ 3 ಅಡಿಯಂತೆ, 9 ಅಡಿ ಸಾಕು. ಎರಡು ಬದಿಗೂ ಎರಡೂವರೆ ಅಡಿ ಬಿಡುವು ದೊರೆಯುತ್ತದೆ. ಆದರೆ ಮುಂದೆ ನಡೆಯುವ ಧ್ವಜಧಾರಿಯ ಕೋಲಿನ ತುದಿ ನೆಲದಿಂದ ಎಷ್ಟು ಎತ್ತರಕ್ಕೇರುತ್ತದೆಂದು ಹಿಡಿಸಿ ನೋಡಿಯೇ 9 ಅಡಿಗೆ ಒಪ್ಪಬೇಕು. ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಯ ನಂದಿಧ್ವಜಗಳನ್ನು ಕಂಡವರಿಗೆ ಎತ್ತರದ ಕೋಲಿನ ಕಷ್ಟವನ್ನು ವಿವರಿಸಬೇಕಿಲ್ಲ. ಕಮಾನು ರಸ್ತೆಗೆ ಅಡ್ಡವಾಗಿ ನಿಲ್ಲುವುದಾದರಂತೂ ಕಬ್ಬಿನ ಟ್ರ್ಯಾಕ್ಟರು, ಬಸ್ಸು, ಆಂಬುಲೆನ್ಸುಗಳ ದಾರಿಯನ್ನು ಎಣಿಸಬೇಕಾಗುತ್ತದೆ. ಆದುದರಿಂದ ಶಾಲೆಯ ಆವರಣದೊಳಗೆ ನಿಲ್ಲಿಸುವುದೇ ಲೇಸು.

ಹಾಗಾದರೆ ಇನ್ನಷ್ಟು ದೊಡ್ಡದನ್ನೇ ತರೋಣವೆಂದು ಕೆಲವರು ಹೇಳಬಹುದು. ಇಲ್ಲಿ ಗಾಳಿಯ ಲೆಕ್ಕ ಅಡ್ಡಬರುತ್ತದೆ. ಮೇಲೆ ಹೇಳಿದ ಕಮಾನಿನ ಮುಂಭಾಗ ಸುಮಾರು 114 ಚದರ ಅಡಿ. ಗಂಟೆಗೆ 36 ಕಿ.ಮೀ. ವೇಗದ ಗಾಳಿ ಅದನ್ನು ಸುಮಾರು 65 ಕಿಲೋ ಭಾರದಷ್ಟು ಬಲದಿಂದ ನೂಕುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ನೂಕುವ ಬಲ ಇಮ್ಮಡಿಯಲ್ಲ, ನಾಲ್ಕು ಪಟ್ಟಾಗುತ್ತದೆ. 65 ಕಿಲೋ 260ಕ್ಕೆ ಏರುತ್ತದೆ. ಇನ್ನು 30 ಅಡಿ ಅಗಲ, 16 ಅಡಿ ಎತ್ತರ, 4 ಅಡಿ ದಪ್ಪದ ಕಮಾನಿನ ಮುಂಭಾಗ 216 ಚದರ ಅಡಿ. ಅಗಲ ಒಂದೂವರೆ ಪಟ್ಟು ಹೆಚ್ಚಿತು, ಗಾಳಿಯ ಹೊಡೆತ ಹೆಚ್ಚುಕಡಿಮೆ ಎರಡು ಪಟ್ಟಾಯಿತು.

ಇದು ಬರಿಯ ಲೆಕ್ಕವಲ್ಲ. 2021ರ ಡಿಸೆಂಬರ್ 16ರಂದು ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ, ಡೆವನ್‌ಪೋರ್ಟ್ ಊರಿನ ಪ್ರಾಥಮಿಕ ಶಾಲೆಯೊಂದರ ವರ್ಷಾಂತ್ಯದ ಸಂಭ್ರಮದಲ್ಲಿ, ಗಾಳಿ ತುಂಬಿದ ಆಟದ ಕೋಟೆಯನ್ನು ಬಿರುಗಾಳಿ ಎತ್ತಿಕೊಂಡು ಹೋಯಿತು. ಆರು ಮಕ್ಕಳು ಪ್ರಾಣ ಕಳೆದುಕೊಂಡರು. ಗಾಳಿ ತುಂಬಿದ ಆಟದ ಸಾಧನಗಳನ್ನು ಗಂಟೆಗೆ 38 ಕಿ.ಮೀ. ಮೀರಿದ ಗಾಳಿಯಲ್ಲಿ ಬಳಸಬಾರದೆಂದು ಯುರೋಪಿನ ಮಾನದಂಡ ಹೇಳುತ್ತದೆ. ಕಮಾನು ಆಟದ ಸಾಧನವಲ್ಲದಿದ್ದರೂ ಈ ಮಿತಿಯನ್ನು ನಾವು ಪಾಲಿಸುವುದು ವಿವೇಕ. ದೊಡ್ಡ ಮರದ ರೆಂಬೆಗಳು ತೂಗಾಡತೊಡಗಿದರೆ ಅತಿಥಿಗಳು ಬಂದಿರಲಿ, ಬಾರದಿರಲಿ, ಕಮಾನನ್ನು ಇಳಿಸಿಬಿಡಬೇಕು.

ಕಟ್ಟುವ ಬಗೆಯೂ ಅಷ್ಟೇ ಮುಖ್ಯ. ನಮ್ಮ ಎರೆಮಣ್ಣು ಹಸಿಯಿದ್ದಾಗ ಮೆತ್ತಗಾಗುತ್ತದೆ, ಒಣಗಿದಾಗ ಬಿರಿಯುತ್ತದೆ. ಗಿಡ್ಡ ಗೂಟ ಎರಡರಲ್ಲಿಯೂ ಸಡಿಲಗೊಳ್ಳುತ್ತದೆ. ಉದ್ದದ ಕಬ್ಬಿಣದ ಗೂಟಗಳನ್ನು ಓರೆಯಾಗಿ ಹೊಡೆಯಬೇಕು. ಸಿಮೆಂಟಿನ ಅಂಗಳವಾದರೆ 200 ಲೀಟರಿನ ನಾಲ್ಕು ಡ್ರಮ್ಮುಗಳನ್ನು ನೀರು ತುಂಬಿಸಿ, ಕಾಲಿಗೆ ಎರಡರಂತೆ ಹಿಂದೆ ಮುಂದೆ ನಿಲ್ಲಿಸಿ ಹಗ್ಗ ಬಿಗಿಯಬೇಕು. ಆ ಹಗ್ಗಗಳಿಗೂ ಸ್ಥಳ ಬೇಕೆಂಬುದನ್ನು ಅಂಗಳ ಅಳೆಯುವಾಗಲೇ ನೆನೆಯಬೇಕು. ಓಡುವ ಮಕ್ಕಳು ಎಡವದಂತೆ ಅವುಗಳಿಗೆ ಬಣ್ಣದ ಬಟ್ಟೆ ಕಟ್ಟಿರಬೇಕು.

ಈ ಬಗೆಯ ಬಹುತೇಕ ಕಮಾನುಗಳು ಗಾಳಿಯೂದುವ ಯಂತ್ರ ಎಡೆಬಿಡದೆ ತಿರುಗುತ್ತಿದ್ದರೆ ಮಾತ್ರ ನಿಲ್ಲುತ್ತವೆ. 2016ರ ಜುಲೈ 8ರಂದು ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯಲ್ಲಿ ಕೊನೆಯ ಕಿಲೋಮೀಟರನ್ನು ಸೂಚಿಸುವ ಕಮಾನು ಗಾಳಿ ಕಳೆದುಕೊಂಡು ಕುಸಿದು, ಆಡಮ್ ಯೇಟ್ಸ್ ಎಂಬ ಸವಾರ ಗಾಯಗೊಂಡ. ಅಂಥ ಸ್ಪರ್ಧೆಯಲ್ಲಿಯೇ ಹೀಗಾದರೆ, ವಿದ್ಯುತ್ತು ಹೇಳದೆ ಹೋಗುವ ನಮ್ಮ ಊರುಗಳಲ್ಲಿ ಜನರೇಟರು ಇರಲೇಬೇಕು. ಪ್ಲಗ್ಗಿನ ಬಳಿ ಹಿರಿಯರೊಬ್ಬರು ಕಾವಲಿರಬೇಕು.

ಕೊನೆಯದಾಗಿ ಅಕ್ಷರ. ನೂರು ಅಡಿ ದೂರದಿಂದ ಸುಲಭವಾಗಿ ಓದಲು ಅಕ್ಷರ ಸುಮಾರು 10 ಅಂಗುಲ ಎತ್ತರವಿರಬೇಕೆಂಬುದು ಫಲಕ ಬರೆಯುವವರ ರೂಢಿ. ಕನ್ನಡಕ್ಕೆ ಕೆಳಗೆ ಒತ್ತಕ್ಷರವೂ ಮೇಲೆ ಗುಡಿಸೂ ಇರುವುದರಿಂದ ಒಂದು ಸಾಲು ಒಂದೂವರೆ ಅಡಿಗೂ ಮೀರುತ್ತದೆ. ದುಂಡು ಕೊಳವೆಯ 3 ಅಡಿಯಲ್ಲಿ ಮುಂದಿನಿಂದ ನೇರವಾಗಿ ಓದಬರುವುದು 2 ಅಡಿಯಷ್ಟೇ. ಒಂದೇ ಸಾಲು ಹಿಡಿಯುತ್ತದೆ. ಅಕ್ಷರಕ್ಕೆ ಒಂದಡಿಯಂತೆ ಎಣಿಸಿದರೆ ‘ಜಿಲ್ಲಾ ಪರಿಷತ್ ಕನ್ನಡ ಪ್ರಾಥಮಿಕ ಶಾಲೆ’ ಎಂಬುದಕ್ಕೆ 15 ಅಡಿಯಾದರೂ ಬೇಕು. 14 ಅಡಿಯಲ್ಲಿ ಅದು ಕೂಡದು. ‘ಕನ್ನಡ ಶಾಲೆ, ಮುರುಮ’ ಎಂದರೆ 10 ಅಡಿಯೊಳಗೆ ಮುಗಿಯುತ್ತದೆ. ಹೆಸರನ್ನು ಚಿಕ್ಕದಾಗಿಸಿದರೆ ಕಮಾನನ್ನು ದೊಡ್ಡದಾಗಿಸಬೇಕಿಲ್ಲ. ಪೂರ್ಣ ಹೆಸರನ್ನು ಎರಡೂ ಭಾಷೆಗಳಲ್ಲಿ ಪಕ್ಕದ ಫಲಕದಲ್ಲಿ ಬರೆಸಬಹುದು. ವರ್ಷ, ದಿನಾಂಕಗಳನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಸದೆ ಅಂಟಿಸಿ ಕೀಳುವ ಪಟ್ಟಿಯಲ್ಲಿಟ್ಟರೆ ಅದೇ ಕಮಾನು ಜನವರಿ 26ಕ್ಕೂ ಸೆಪ್ಟೆಂಬರ್ 17ರ ಮರಾಠವಾಡಾ ಮುಕ್ತಿದಿನಕ್ಕೂ ಒದಗುತ್ತದೆ.

ಮುದ್ರಕರಿಗೆ ಕನ್ನಡ ಬಾರದಿರಬಹುದು. ನುಡಿಯಲ್ಲಿ ಟೈಪು ಮಾಡಿದ ಕಡತ ಅವರ ಗಣಕಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುವುದುಂಟು. ಒತ್ತಕ್ಷರ ಕಳಚಿ ‘ಜಿಲ್ಲಾ’ ಎಂಬುದು ‘ಜಿಲಾ’ ಆಗುವುದುಂಟು. ಪಿಡಿಎಫ್ ರೂಪದಲ್ಲಿಯೇ ಕಳುಹಿಸಿ, ಅಚ್ಚಿಗೆ ಮುನ್ನ ಕರಡನ್ನು ತರಿಸಿಕೊಂಡು ಏಳನೆಯ ತರಗತಿಯ ಮಕ್ಕಳಿಂದ ಗಟ್ಟಿಯಾಗಿ ಓದಿಸಿರಿ. ಮರಾಠಿಯ ನಡುವೆ ಕನ್ನಡ ಕಲಿಯುವ ಮಕ್ಕಳು ತಮ್ಮ ಶಾಲೆಯ ಹೆಸರನ್ನು ತಾವೇ ತಿದ್ದಿ ಒಪ್ಪಿಗೆ ಕೊಟ್ಟ ಕಮಾನು 12 ಅಡಿಯದಾದರೂ ಅವರಿಗೆ ಎತ್ತರದ್ದೇ.