ತೆರಪನ್ನು ನಂಬಬಹುದೇ?

ನಮ್ಮ ಬೀದಿಯ ಬಡ ಮಕ್ಕಳಿಗೆ ಪುಸ್ತಕ ಹಂಚುವ ಲೆಕ್ಕವನ್ನು ನಾವು ಗಣಕಯಂತ್ರದ ಎಕ್ಸೆಲ್ ಹಾಳೆಯಲ್ಲಿ ಬರೆದಿಡುತ್ತೇವೆ. ಒಂದು ಮನೆಯ ಮಕ್ಕಳ ಹೆಸರುಗಳನ್ನು ಒಂದರ ಕೆಳಗೊಂದಾಗಿ ಬರೆದು, ಮುಂದಿನ ಮನೆಗೆ ಮೊದಲು ಒಂದು ಸಾಲನ್ನು ಬರಿದಾಗಿ ಬಿಡುವುದು ನಮ್ಮ ಪದ್ಧತಿ. ಮನೆಗೊಂದು ಕಟ್ಟು, ಆದಕಾರಣ ಹಾಳೆಯಲ್ಲಿ ಎಷ್ಟು ಗುಂಪುಗಳಿವೆಯೆಂಬುದು ತಿಳಿಯಬೇಕು. ಅದನ್ನೆಣಿಸಲು ಹಳೆಯ ಶಿಷ್ಯನೊಬ್ಬನು ಮ್ಯಾಕ್ರೋ ಒಂದನ್ನು, ಎಂದರೆ ಯಂತ್ರವು ತಾನಾಗಿಯೇ ನಡೆಸತಕ್ಕ ಆಜ್ಞೆಗಳ ಮಾಲೆಯನ್ನು, ಬರೆದುಕೊಟ್ಟನು. ಯಂತ್ರವು 41 ಎಂದಿತು. 41 ಕಟ್ಟುಗಳನ್ನು ಸಿದ್ಧಪಡಿಸಿದೆವು. ಹಂಚಿಕೆ ಮುಗಿದಾಗ ಬಾಲಕಿಯೊಬ್ಬಳು ಬರಿಗೈಯಲ್ಲಿ ನಿಂತಿದ್ದಳು.

ಆ ರಾತ್ರಿ ಬೆರಳಿಟ್ಟು ಎಣಿಸಿದೆವು: 42!

ಶಿಷ್ಯನ ಉಪಾಯವೇನೋ ಸರಳವಾದುದೇ. ಸ್ಪೆಷಲ್‌ಸೆಲ್ಸ್ ಎಂಬ ಆಜ್ಞೆಯು ಹೆಸರಿನ ಕಾಲಂನಲ್ಲಿ ಬರಹವುಳ್ಳ ಕೋಶಗಳನ್ನು ಮಾತ್ರ ಆರಿಸುವುದು. ಎಡೆಬಿಡದೆ ಬಂದ ಕೋಶಗಳು ಸೇರಿ ಒಂದು ಏರಿಯಾ ಆಗುವುದು. ಏರಿಯಾಗಳ ಸಂಖ್ಯೆಯೇ ಉತ್ತರ. ಆದರೆ ಎರಡು ಮನೆಗಳ ನಡುವಣ ಬರಿಯ ಸಾಲಿನಲ್ಲಿ ನಾವು ಅರಿಯದೆ ಸ್ಪೇಸ್ ಬಾರನ್ನು ಒತ್ತಿಬಿಟ್ಟಿದ್ದೆವು. ನಮ್ಮ ಕಣ್ಣಿಗೆ ಅದು ಬರಿದು. ಯಂತ್ರಕ್ಕೆ ಅದೂ ಒಂದು ಅಕ್ಷರ. ಎರಡು ಸಂಸಾರಗಳು ಒಂದಾಗಿಹೋದುವು. ಪಾಣಿನಿಯ ವ್ಯಾಕರಣದಲ್ಲಿ ಲೋಪವಾದ ಪ್ರತ್ಯಯವು ಕಾಣದಿದ್ದರೂ ತನ್ನ ಕಾರ್ಯವನ್ನು ನಡೆಸುವುದೆಂದು ಎಷ್ಟೋ ವರ್ಷ ಪಾಠ ಹೇಳಿದ ನಾವೇ ಇದನ್ನು ಮರೆತೆವು!

ಈಗ ಮ್ಯಾಕ್ರೋವನ್ನು ಬೇರೆ ಕ್ರಮದಲ್ಲಿ ಬರೆಯಿಸಿದ್ದೇವೆ. ಅದು ಮೇಲಿನಿಂದ ಒಂದೊಂದೇ ಕೋಶವನ್ನು ನೋಡುತ್ತ ಇಳಿಯುವುದು. ಕೋಶದಲ್ಲಿ ಬರಹವಿದ್ದು ಅದರ ಮೇಲಿನ ಕೋಶವು ಬರಿದಾಗಿದ್ದರೆ, ಅದೇ ಗುಂಪಿನ ಆದಿ. ಆಗ ಲೆಕ್ಕಕ್ಕೆ ಒಂದನ್ನು ಕೂಡಿಸುವುದು. ಮೊದಲ ಸಾಲಿನಲ್ಲಿಯೇ ಬರಹವಿದ್ದರೆ ಅದೂ ಆದಿಯೆಂದೇ ತಿಳಿಯತಕ್ಕದ್ದು. ಬರಿದೋ ಅಲ್ಲವೋ ಎಂದು ನಿರ್ಣಯಿಸುವ ಮೊದಲು ಟ್ರಿಮ್ ಎಂಬ ಆಜ್ಞೆಯಿಂದ ಹಿಂದುಮುಂದಣ ತೆರಪುಗಳನ್ನು ತೆಗೆಯಿಸಬೇಕು. ಅಂತರ್ಜಾಲದಿಂದ ನಕಲು ಮಾಡಿದ ಬರಹದಲ್ಲಿ 160ನೆಯ ಸಂಖ್ಯೆಯ ಇನ್ನೊಂದು ಬಗೆಯ ತೆರಪು ಬರುವುದುಂಟು. ಅದು ಟ್ರಿಮ್‌ಗೆ ಬಗ್ಗದು, ರಿಪ್ಲೇಸ್ ಎಂಬ ಆಜ್ಞೆಯಿಂದಲೇ ತೆಗೆಯಬೇಕು.

ಮನೆಯ ಖರ್ಚನ್ನೋ ಸಂಘದ ಚಂದಾವನ್ನೋ ಹೀಗೆ ಗುಂಪುಗುಂಪಾಗಿ ಬರೆಯುವ ವಾಚಕರಿಗೆ ಇನ್ನೊಂದು ಮಾತು. ಬರಿಯ ಸಾಲನ್ನೇ ನಂಬದೆ, ಪ್ರತಿಯೊಂದು ಹೆಸರಿನ ಪಕ್ಕದಲ್ಲಿಯೂ ಮನೆಯ ಸಂಖ್ಯೆಯನ್ನು ಬರೆದಿಡಿರಿ. ಎರಡು ಲೆಕ್ಕಗಳು ತಾಳೆಯಾಗದಿದ್ದರೆ ತಪ್ಪು ಆಗಲೇ ಹೊರಬೀಳುವುದು.

ಮರುದಿನ ಬೆಳಗ್ಗೆ ನಾವೇ ಪುಸ್ತಕದ ಕಟ್ಟನ್ನು ಹಿಡಿದು ಆ ಬಾಲಕಿಯ ಮನೆಗೆ ಹೋದೆವು. "ನನ್ನ ಹೆಸರು ಪಟ್ಟಿಯಲ್ಲಿ ಇರಲಿಲ್ಲವೇ ಮೇಷ್ಟ್ರೇ?" ಎಂದು ಅವಳು ಕೇಳಿದಳು. "ಇತ್ತು ಮಗು, ಎಣಿಸಿದವರದೇ ತಪ್ಪು" ಎಂದೆವು.