ಉರಿಗೂ ಎರಡು ಎಲ್ಲೆಗಳುಂಟು

ಮಾಗಿಯ ಚಳಿಯಲ್ಲಿ ಒಲೆಯ ಉರಿ ಕುಗ್ಗಿತೆಂದರೆ ಅನಿಲಕ್ಕೆ ಹೊತ್ತಿಕೊಳ್ಳುವ ಗುಣವೇ ಕುಂದಿತೆಂದು ಭಾವಿಸುವವರು ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಲ್ಲಿ ಇಂದಿಗೂ ಇದ್ದಾರೆ. ಇದು ಅಪಾಯಕರವಾದ ಭಾವನೆ. ಪ್ರಸಾದನಿಲಯಗಳ ದೊಡ್ಡ ಅಡುಗೆಮನೆಗಳಲ್ಲಿ ಮಾತ್ರವಲ್ಲದೆ, 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಬಡವರ ಮನೆಗಳಲ್ಲಿಯೂ ಸಿಲಿಂಡರ್ ಕಾಣಿಸಿಕೊಂಡಿದೆ. ಆದ್ದರಿಂದ ಉರಿಯ ಎಲ್ಲೆಗಳ ಪಾಠವನ್ನು ನಮ್ಮ ಶಾಲೆಗಳು ಕನ್ನಡದಲ್ಲಿಯೇ, ಲೆಕ್ಕಸಹಿತವಾಗಿ ಹೇಳಿಕೊಡಬೇಕೆಂಬುದು ನನ್ನ ಅಭಿಪ್ರಾಯ. ವ್ಯಾಕರಣ ಕಲಿಸುವವನಿಗೆ ಈ ಉಸಾಬರಿ ಏಕೆಂದು ಕೇಳಬಹುದು. ಎಲ್ಲೆ ಎಂಬ ಮಾತು ಹೊಲವುಳ್ಳ ಪ್ರತಿಯೊಬ್ಬ ಒಕ್ಕಲುಮಗನಿಗೂ ಗೊತ್ತು. ಆ ಒಂದು ಮಾತಿನಿಂದಲೇ ವಿಷಯವನ್ನು ತಿಳಿಸಬಹುದೆಂಬುದೇ ನನ್ನ ಉತ್ತರ.

ಅನಿಲವು ತಾನೊಂದೇ ಉರಿಯಲಾರದು. ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆಯಬೇಕು. ಗಾಳಿಯಲ್ಲಿ ಮೀಥೇನ್ ಶೇಕಡಾ 5ಕ್ಕಿಂತ ಕಡಿಮೆಯಿದ್ದರೆ ಉರಿ ಹರಡದು, ಸುಮಾರು 15ನ್ನು ಮೀರಿದರೂ ಹರಡದು. ಅಡುಗೆಯ ಸಿಲಿಂಡರಿನ ಅನಿಲಕ್ಕೆ ಈ ಎಲ್ಲೆಗಳು ಸುಮಾರು 2 ಮತ್ತು 9. ಮೇಲಿನ ಎಲ್ಲೆಯನ್ನು ದಾಟಿತೆಂದು ನಿಶ್ಚಿಂತರಾಗುವಂತಿಲ್ಲ. ಬಾಗಿಲು ತೆರೆದು ಹೊಸ ಗಾಳಿ ಒಳನುಗ್ಗಿದೊಡನೆ ಮಿಶ್ರಣವು ಉರಿಯುವ ಪ್ರಮಾಣಕ್ಕೇ ಇಳಿಯುತ್ತದೆ.

ಚಳಿ ಹೆಚ್ಚಿದಂತೆ ಈ ಎರಡು ಎಲ್ಲೆಗಳ ನಡುವಣ ಅಂತರ ಕಿರಿದಾಗುವುದು ನಿಜ. ಆದರೆ ನಮ್ಮ ಸೀಮೆಯ ಚಳಿಗೆ ಆ ವ್ಯತ್ಯಾಸ ಗಣನೆಗೆ ಬಾರದಷ್ಟು ಅಲ್ಪ. ಒತ್ತಡ ಹೆಚ್ಚಿದರೆ ಮೇಲಿನ ಎಲ್ಲೆ ಬಹಳವಾಗಿ ಏರುತ್ತದೆ, ಕೆಳಗಿನದು ಹೆಚ್ಚು ಕದಲದು. ಒತ್ತಡ ತೀರ ಇಳಿದಾಗ ಎರಡೂ ಎಲ್ಲೆಗಳು ಒಂದನ್ನೊಂದು ಸಮೀಪಿಸಿ ಕಡೆಗೆ ಉರಿಯೇ ಅಸಾಧ್ಯವಾಗುತ್ತದೆ; ಅಂಥ ಸ್ಥಿತಿ ಅಡುಗೆಮನೆಯಲ್ಲಿ ಬರುವುದಿಲ್ಲ. ಹಾಗಾದರೆ ಮಾಗಿಯಲ್ಲಿ ಒಲೆ ಮಂದವಾಗುವುದೇಕೆ? ಸಿಲಿಂಡರಿನೊಳಗಿನ ದ್ರವ, ಅದರಲ್ಲಿಯೂ ಬ್ಯೂಟೇನ್, ತಂಪಿನಲ್ಲಿ ನಿಧಾನವಾಗಿ ಆವಿಯಾಗುವುದರಿಂದ. ಗೋಬರ್ ಗುಂಡಿಯಲ್ಲಾದರೋ ಸೂಕ್ಷ್ಮಜೀವಿಗಳ ಕೆಲಸ ಚಳಿಗೆ ಕುಂಠಿತವಾಗುವುದರಿಂದ. ಹೊರಗೆ ಸೋರಿದ ಅನಿಲವು ಬೇಸಗೆಯಲ್ಲಿ ಹೇಗೋ ಮಾಗಿಯಲ್ಲಿಯೂ ಹಾಗೆಯೇ ಹೊತ್ತಿಕೊಳ್ಳುತ್ತದೆ. ಉರಿ ಹೆಚ್ಚಲೆಂದು ಸಿಲಿಂಡರನ್ನು ಬೆಂಕಿಯ ಬಳಿ ಕಾಯಿಸುವುದಂತೂ ಹುಚ್ಚು ಸಾಹಸ.

ಹತ್ತು ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಅಡುಗೆಮನೆಯನ್ನು ತೆಗೆದುಕೊಳ್ಳಿ. ಅದರ ಗಾಳಿಯಲ್ಲಿ ಶೇಕಡಾ 2ರಷ್ಟು ಅನಿಲ ತುಂಬಲು ಸುಮಾರು ಒಂದೂಕಾಲು ಕಿಲೋ ಸಾಕು. ಮನೆಯ ಸಿಲಿಂಡರಿನಲ್ಲಿರುವುದು 14.2 ಕಿಲೋ, ಅದರ ಹತ್ತರಲ್ಲೊಂದು ಪಾಲೂ ಬೇಕಾಗದು. ಅಲ್ಲದೆ ಈ ಅನಿಲ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಡಿ ನಿಲ್ಲುತ್ತದೆ; ಅಲ್ಲಿ ಅಪಾಯ ಇನ್ನೂ ಬೇಗ ಒದಗುತ್ತದೆ. ಎತ್ತರದ ಗವಾಕ್ಷಿಯೊಂದನ್ನೇ ನಂಬಿದ ಅಡುಗೆಮನೆಗೆ ರಕ್ಷಣೆಯಿಲ್ಲ. ನೆಲಮಟ್ಟದಲ್ಲಿ ಗಾಳಿಕಂಡಿ ಇರಲೇಬೇಕು.

ಗೋಬರ್ ಅನಿಲದ ಸ್ವಭಾವ ಬೇರೆ. 1776ರಲ್ಲಿ ಇಟಲಿಯ ವೋಲ್ಟಾ ಸರೋವರವೊಂದರ ಕೆಸರನ್ನು ಕಲಕಿ, ಮೇಲೆದ್ದ ಗುಳ್ಳೆಗಳಲ್ಲಿ ಕಂಡುಕೊಂಡ ಮೀಥೇನೇ ಇದರ ಸಾರ. ಸೂಳೆಕೆರೆಯ ಹೂಳಿನಲ್ಲಾಗಲಿ ಹೊನ್ನಾಳಿಯ ಭತ್ತದ ಗದ್ದೆಯಲ್ಲಾಗಲಿ ಗುಳ್ಳೆಯೇಳುವುದನ್ನು ಕಂಡ ಹುಡುಗನಿಗೆ ಇದು ಪರದೇಶದ ವಿದ್ಯೆಯೆನಿಸದು. ಮೀಥೇನ್ ಶೇಕಡಾ 60ರಷ್ಟಿರುವ ಗೋಬರ್ ಅನಿಲವು ಗಾಳಿಯಲ್ಲಿ ಸುಮಾರು 8ರಷ್ಟು ಬೆರೆತಾಗಲೇ ಉರಿಯತೊಡಗುತ್ತದೆ. ಹೊಸದಾಗಿ ತುಂಬಿದ ಗುಂಡಿಯ ಮೊದಲ ಅನಿಲದಲ್ಲಿ ಗಾಳಿ ಬೆರೆತಿರುವುದರಿಂದ ಅದನ್ನು ಹೊತ್ತಿಸದೆ ಬಯಲಿಗೆ ಬಿಡಬೇಕು. ಏಕೆ ಬಿಡಬೇಕೆಂಬ ಪ್ರಶ್ನೆಯನ್ನು ಬರುವ ವರ್ಷದ ನಮ್ಮ ವಿಜ್ಞಾನದ ಪರೀಕ್ಷೆಯಲ್ಲಿ ಕೇಳಲಿ. ಎರಡು ಎಲ್ಲೆಗಳನ್ನು ಬರೆದ ಹುಡುಗನಿಗೆ ಪೂರ್ಣ ಅಂಕ ಕೊಡಲಿ.